ಜಡೆ ಹಾಕಿದ ಅಣ್ಣ ಯಾರು?

ಆ ಕಕ್ಷಿದಾರ ಮೊದಲ ಸಲ ಬಂದಾಗ ನಾನು ಅವನನ್ನು ವಾಪಸ್ ಕಳಿಸಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ, ಅಲ್ಲಿ ವಕೀಲಿ ಮಾಡುತ್ತಿದ್ದ ಹೆಂಗಸರೂ ಬೆರಳೆಣಿಕೆಯಷ್ಟು. ಜೀವನಾಂಶ, ವರದಕ್ಷಿಣೆ, ಗಂಡ ಬಿಟ್ಟವಳ ಕೂಸು, ಇಂಥ ಫೈಲುಗಳೆಲ್ಲ ನನ್ನ ಮೇಜಿಗೇ ಬಂದು ಬೀಳುತ್ತಿದ್ದವು. ಜೊತೆಯ ವಕೀಲರು ನನ್ನನ್ನು ‘ಹೆಂಗಸರ ಲಾಯರು’ ಎಂದು ರೇಗಿಸುತ್ತಿದ್ದರು. ರೇಗಿಸಿದರೂ ನನಗೆ ಅದು ಹೆಮ್ಮೆಯೇ ಆಗಿತ್ತು. ಹಾಗಿರುವಾಗ ಉಮ್ಮತ್ತೂರಿನ ಒಬ್ಬ ಗಂಡಸು ಬಂದು ಮಗಳನ್ನು ಅವಳ ತಾಯಿಯ ಮನೆಯಿಂದ ಕೊಡಿಸಿಕೊಡಿ ಅಂದರೆ ನನಗೆ ಸಿಟ್ಟು ಬರದೆ ಇರುತ್ತದೆಯೇ?

“ಅಲ್ಲಪ್ಪಾ, ಆರು ವರ್ಷದ ಹೆಣ್ಣು ಮಗು. ತಾಯಿ ಹತ್ತಿರ ಇರಲಿ ಬಿಡು. ನೀನು ಕರ್ಕೊಂಡು ಹೋಗಿ ಏನು ಮಾಡ್ತೀಯ?” ಅಂದೆ.

“ಸಾಕ್ತೀನಿ ಕಣಮ್ಮಾವ್ರೇ,” ಅಂದ. ಅಷ್ಟೇ. ಕೈಮುಗಿದು ಹೋದ.

ಮರುವಾರ ಮತ್ತೆ ಬಂದ, ಮತ್ತೆ ಕಳಿಸಿದೆ. ಮೂರನೇ ಸಲ ಬೆಳಗ್ಗೆ ಬಂದವನು ಸಂಜೆ ನಾನು ಕೋರ್ಟಿನಿಂದ ಬರುವವರೆಗೂ ಆಫೀಸಿನ ಬೆಂಚಿನ ಮೇಲೆ ಕೂತೇ ಇದ್ದ. ನನಗೆ ರೇಗಿಹೋಯಿತು. ಬಾಯಿ ಮುಚ್ಚಿಸೋಣ ಅಂತಲೇ ಕೇಳಿದೆ: “ಸರಿ, ನಾಳೆ ಮಗೂಗೆ ಜ್ವರ ಬಂತು ಅಂತಿಟ್ಕೋ. ಏನು ಮಾಡ್ತೀಯ ಹೇಳು ನೋಡೋಣ.”

“ಅವ್ಳಿಗೆ ಜ್ವರ ಬರೋಕ್ ಮುಂಚೆ ಕಿವಿ ನೋವು ಬತ್ತದೆ ಅಮ್ಮಾವ್ರೇ. ಎಡಗಿವಿ. ಕಿವಿ ಇಡ್ಕಂಡ್ಲು ಅಂದ್ರೆ ಅವತ್ತೇ ಡಾಕ್ಟ್ರ ತಾವ ಕರ್ಕೊಂಡು ಓಗ್ಬುಡ್ಬೇಕು. ಬುಟ್ರೆ ರಾತ್ರಿಗೆ ಮೈ ಸುಡ್ತದೆ. ಈಗ ಅಲ್ಲಿ ಯಾರ್ಗೂ ಇದು ಗೊತ್ತಿಲ್ಲ, ಅದೇ ನಂಗೆ ಯೋಚ್ನೆ.”

ನನಗೂ ಇಬ್ಬರು ಮಕ್ಕಳು. ಯಾವ ಮಗುವಿಗೆ ಯಾವ ಕಿವಿ ನೋವು ಬರುತ್ತದೆ ಎಂದು ನನ್ನ ಯಜಮಾನರನ್ನು ಕೇಳಿದರೆ ಅವರು ಪೇಪರಿನಿಂದ ತಲೆ ಎತ್ತುವುದಿಲ್ಲ. ವಕಾಲತ್ತಿಗೆ ಸಹಿ ಹಾಕು ಅಂದೆ.

ಅವನ ಕಥೆ ಇಷ್ಟು. ಊರ ಹತ್ತಿರದ ಚಾಕಿ ಮನೆಯಲ್ಲಿ ಅವನಿಗೆ ಕೆಲಸ. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳುಗಳಿಗೆ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಿ, ಸ್ವಲ್ಪ ಬಲಿಯುವ ತನಕ ಸಾಕಿ, ಆಮೇಲೆ ರೈತರಿಗೆ ಹಂಚುವ ಜಾಗ ಅದು. ಮನೆಗೆ ಹತ್ತೇ ಹೆಜ್ಜೆ. ಸೊಪ್ಪು ಹಾಕಿ ಬರುವುದು, ಮಗುವನ್ನು ನೋಡುವುದು, ಮತ್ತೆ ಹೋಗುವುದು. ಹೀಗೆ ಮಗು ಅವನ ಕೈಯಲ್ಲೇ ಬೆಳೆದಿತ್ತು. ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು, ಪಕ್ಕದ ಬಾಗಿಲಲ್ಲಿ ಅಣ್ಣನ ಸಂಸಾರ. ಹೆಂಡತಿಗೆ ನರ್ಸಿಂಗ್ ಹೋಮಿನ ಕೆಲಸ ಕಲಿಯುವ ಆಸೆ. ಅತ್ತೆ ಬೇಡವೆಂದರು. ಇವನು ತಾಯಿಯ ಎದುರಿಗೆ ತುಟಿ ಬಿಚ್ಚಲಿಲ್ಲ. ಅವಳು ಮಗುವನ್ನು ಎತ್ತಿಕೊಂಡು ಗುಂಡ್ಲುಪೇಟೆ ತಾಲೂಕಿನ ಭೀಮನಬೀಡಿಗೆ, ತವರಿಗೆ ಹೋದಳು. ಮಗುವನ್ನು ಅಲ್ಲಿ ಬಿಟ್ಟು ತಾನು ಮೈಸೂರಿನಲ್ಲಿ ಕೆಲಸಕ್ಕೆ ಸೇರಿದಳು. ಅವನದೂ ತಪ್ಪಿತ್ತು, ಅದನ್ನು ಅವನ ಮುಖಕ್ಕೇ ಹೇಳಿದೆ. “ಅವತ್ತು ಬಾಯಿ ಬಿಟ್ಟಿದ್ರೆ ಇವತ್ತು ಕೋರ್ಟಿಗೆ ಬರ್ಬೇಕಿತ್ತೇನಯ್ಯ?” ಅಂದೆ. ತಲೆ ತಗ್ಗಿಸಿಕೊಂಡು, “ತಪ್ಪಾಯ್ತು ಅಮ್ಮಾವ್ರೇ. ಆದ್ರೆ ಮಗೀನ್ ಮಕ ತೋರ್ಸಕೂ ಬುಡ್ನಿಲ್ಲ ಅವ್ರು,” ಅಂದ.

ಬಿಡದೆ ಇದ್ದದ್ದು ಮಗುವಿನ ಅಜ್ಜ, ಇವನ ಹೆಂಡತಿಯ ತಂದೆ. ಊರಲ್ಲಿ ಮರ್ಯಾದೆಯ ಮನುಷ್ಯ, ಗಟ್ಟಿ ಗಂಟಲು. ಮೊಮ್ಮಗಳು ಅವರಿಗೆ ಮಾನದ ಪ್ರಶ್ನೆಯಾಗಿಬಿಟ್ಟಿದ್ದಳು. ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಕೆಳಗೆ ನಾನು ಅರ್ಜಿ ಹಾಕಿದೆ. ಕಾನೂನಿನಲ್ಲಿ ಐದು ವರ್ಷ ತುಂಬುವ ತನಕ ಮಗು ಸಾಮಾನ್ಯವಾಗಿ ತಾಯಿಯ ಬಳಿ. ಈ ಮಗುವಿಗೆ ಆರು ನಡೆಯುತ್ತಿತ್ತು. ಅಲ್ಲಿಂದಾಚೆಗೆ ನೋಡಬೇಕಾದದ್ದು ಮಗುವಿನ ಹಿತ ಮಾತ್ರ. ಪುಸ್ತಕದಲ್ಲಿ ಹಾಗೆ ಬರೆದಿದೆ. ಕೋರ್ಟ್ ಹಾಲಿನ ಗಾಳಿಯೇ ಬೇರೆ ಎಂದು ನನಗೆ ಮೊದಲ ವಾಯಿದೆಯಲ್ಲೇ ಗೊತ್ತಾಯಿತು.

ಎದುರು ವಕೀಲರು ಹಿರಿಯರು, ಮಾತಿನ ಮಲ್ಲ. ಎದ್ದು ನಿಂತು ಒಂದು ಹಾಳೆ ತೆಗೆದು ಓದಿದರು: “ತಾಯಿಯ ಮಡಿಲಿಗೆ ಬದಲಿ ಇಲ್ಲ, ಹೆಣ್ಣು ಮಗುವಿನ ಮಟ್ಟಿಗಂತೂ ತಂದೆ ಎಷ್ಟೇ ಒಳ್ಳೆಯವನಿರಲಿ ಅವನು ಹೊರಗಿನವನೇ.” ಓದಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ನಕ್ಕರು. “ಈ ಮಾತು ನನ್ನದಲ್ಲ ಸ್ವಾಮಿ. ಹೋದ ವರ್ಷ ಇದೇ ಹಾಲಿನಲ್ಲಿ ನಮ್ಮ ಮೇಡಮ್ಮನವರು ಬರೆದುಕೊಟ್ಟ ವಾದ.”

ಹಾಲಿನಲ್ಲಿ ಎಲ್ಲರೂ ನಕ್ಕರು. ನಿಜ, ನಾನೇ ಬರೆದದ್ದು. ಆ ಕೇಸಿನ ತಾಯಿಗೆ ಆ ಮಾತು ಬೇಕಿತ್ತು, ಅವಳ ಗಂಡ ಕುಡುಕ. ಆದರೆ ‘ತಂದೆ ಎಷ್ಟೇ ಒಳ್ಳೆಯವನಿರಲಿ’ ಎಂದು ಬರೆಯುವಾಗ ಯಾವ ಒಳ್ಳೆಯ ತಂದೆಯೂ ನನ್ನ ಕಣ್ಣ ಮುಂದೆ ಇರಲಿಲ್ಲ. ಅವತ್ತು ಮುಖ ಕೆಂಪಗೆ ಮಾಡಿಕೊಂಡು ಕೂತೆ.

ನ್ಯಾಯಾಧೀಶರು ಕರಾವಳಿ ಕಡೆಯವರು, ನಮ್ಮ ಊರಿಗೆ ಬಂದು ನಾಲ್ಕೇ ತಿಂಗಳಾಗಿತ್ತು. ಶಾಂತ ಮನುಷ್ಯ, ಯಾರನ್ನೂ ಗದರುತ್ತಿರಲಿಲ್ಲ. ಅವರೂ ಒಮ್ಮೆ ಕೇಳಿದರು: “ಎಂತ ಮೇಡಂ, ಆರು ವರ್ಷದ ಹುಡುಗಿಗೆ ಸ್ನಾನ, ಜಡೆ, ಬಟ್ಟೆ ಎಲ್ಲ ಇದೆಯಲ್ಲ. ಗಂಡಸು ಹೇಗೆ ನೋಡಿಕೊಳ್ಳುವುದು?” ಕೇಳುವಾಗ ಅವರ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ಅವರಿಗೆ ಕಲ್ಪನೆ ಬರುತ್ತಿರಲಿಲ್ಲ. ಕೊಂಕಿದ್ದರೆ ನಾನು ಜಗಳವಾಡಬಹುದಿತ್ತು.

ನನ್ನ ಕಕ್ಷಿದಾರ ಕಟಕಟೆ ಹತ್ತಿದ ದಿನ ಎದುರು ವಕೀಲರ ಪಾಟೀ ಸವಾಲು ನೋಡಲು ಬೇರೆ ಹಾಲಿನ ವಕೀಲರೂ ಬಂದು ನಿಂತಿದ್ದರು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಸುಮ್ಮನೆ ಮಲಗುತ್ತದೆ. ಅದಕ್ಕೆ ನಮ್ಮ ಕಡೆ ಹುಳ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಹಿರಿಯರು ಅಲ್ಲಿಂದಲೇ ಶುರುಮಾಡಿದರು.

“ಏನಪ್ಪ, ಹುಳದ ಜ್ವರ ನಿನಗೆ ಗೊತ್ತಿರಬಹುದು. ಹೆಣ್ಣು ಮಗುವಿನ ಜ್ವರ ಗೊತ್ತೇನು?”

“ಹುಳ ಜ್ವರಕ್ಕೆ ಕೂತ್ರೆ ಸೊಪ್ಪು ಆಕ್ಬಾರ್ದು ಸ್ವಾಮಿ, ಮುಟ್ಟಕೂ ಕೂಡ್ದು. ಮಗೀಗೆ ಬಂದ್ರೆ ಪಕ್ಕದಲ್ಲೇ ಕೂತಿರ್ಬೇಕು,” ಅಂದ ಇವನು. ಮತ್ತೆ ನಗು ಎದ್ದಿತು, ಈ ಸಲ ಹಿರಿಯರ ಮೇಲೆ. ಭಲೇ ಅನ್ನಿಸಿತು ನನಗೆ.

ತಾಯಿಯ ಪಾಟೀ ಸವಾಲಿನಲ್ಲಿ ಅವಳು ಇರುವುದು ಮೈಸೂರಿನಲ್ಲಿ, ಊರಿಗೆ ಬರುವುದು ಹದಿನೈದು ದಿನಕ್ಕೊಮ್ಮೆ ಎಂದು ಒಪ್ಪಿಸಿದೆ. ಗಂಡನ ಬಗ್ಗೆ ಕೇಳಿದಾಗಲೆಲ್ಲ ಅವಳು “ಗೊತ್ತಿಲ್ಲ” ಅನ್ನುತ್ತಿದ್ದಳೇ ಹೊರತು ಒಂದು ಕೆಟ್ಟ ಮಾತು ಆಡಲಿಲ್ಲ. ಅವಳ ಪರವಾಗಿ ಎಲ್ಲ ಕೆಟ್ಟ ಮಾತುಗಳನ್ನು ಆಡಿದ್ದು ಅವಳ ತಂದೆ. ಸಾಕ್ಷಿ ಮುಗಿಯಿತು. ಇನ್ನು ಉಳಿದದ್ದು ನ್ಯಾಯಾಧೀಶರು ತಮ್ಮ ಕೋಣೆಯಲ್ಲಿ ಮಗುವನ್ನು ಕೂರಿಸಿಕೊಂಡು ಮಾತಾಡುವುದು.

ಆ ದಿನ ಅಜ್ಜ ಮಗುವನ್ನು ಕೈಹಿಡಿದು ಕರೆತಂದರು. ಕೋಣೆಯೊಳಗೆ ನ್ಯಾಯಾಧೀಶರು, ಮಗು, ಹೇಳಿದ್ದನ್ನು ಬರೆದುಕೊಳ್ಳುವ ಸ್ಟೆನೋ, ಮೂವರೇ. ವಕೀಲರಿಗೆ ಪ್ರವೇಶವಿಲ್ಲ. ಕಾಲು ಗಂಟೆಯಲ್ಲಿ ಮುಗಿಯಿತು. ಕೇಸನ್ನು ವಾದಕ್ಕೆ ಇಟ್ಟರು. ನಾನು ಮಗುವಿನ ಹೇಳಿಕೆಯ ನಕಲಿಗೆ ಅರ್ಜಿ ಹಾಕಿ ಒಂದು ವಾರ ಕಾದೆ.

ನಕಲು ಕೈಗೆ ಬಂದಾಗ ನಿಂತಲ್ಲೇ ಓದಿದೆ. ಇಂಗ್ಲಿಷಿನಲ್ಲಿದ್ದ ಆ ಟಿಪ್ಪಣಿಯ ಸಾರ ಇದು: ಉಮ್ಮತ್ತೂರಿನ ಮನೆಯಲ್ಲಿ ಮಗುವಿಗೆ ಸ್ನಾನ ಮಾಡಿಸಿ, ಜಡೆ ಹಾಕಿ, ಉಣಿಸುತ್ತಿದ್ದವನು ಹಿರಿಯ ಸಹೋದರ. ಬಹುಶಃ ದೊಡ್ಡಪ್ಪನ ಮಗನಿರಬೇಕು. ಸಹೋದರನ ಬಳಿ ಹೋಗುತ್ತೇನೆಂದರೆ ತಂದೆ ಕೋಲಿನಿಂದ ಹೊಡೆಯುತ್ತಾನೆ. ಮಗುವಿಗೆ ತಂದೆಯ ಭಯವಿದೆ.

ಇವನನ್ನು ಅವತ್ತೇ ಕರೆಸಿ ಬಾಗಿಲು ಹಾಕಿಕೊಂಡು ಬೈದೆ. “ಎಷ್ಟು ಸುಳ್ಳು ಹೇಳಿದೆಯೋ ನನಗೆ! ನಿನ್ನ ಮಗಳು ಅಪ್ಪ ಕೋಲಲ್ಲಿ ಹೊಡೀತಾನೆ ಅಂದಿದ್ದಾಳೆ. ನಾಚಿಕೆ ಆಗಲ್ವ?”

“ದ್ಯಾವ್ರಾಣೆ ಅಮ್ಮಾವ್ರೇ. ಒಂದ್ ದಿನ ಕೈ ಎತ್ತಿಲ್ಲ. ಅವ್ಳು ಅಂಗಂದ್ಲಾ? ನನ್ ಮಗ್ಳೇ ಅಂಗಂದ್ಲಾ?” ಅಂತ ಕೇಳಿದ್ದನ್ನೇ ಕೇಳಿದ. ನಾನು ಕರಗಲಿಲ್ಲ. ಮಗು ಯಾಕೆ ಸುಳ್ಳು ಹೇಳುತ್ತದೆ? ಫೈಲ್ ವಾಪಸ್ ಕೊಟ್ಟುಬಿಡುತ್ತೇನೆ, ಬೇರೆ ವಕೀಲರನ್ನು ನೋಡಿಕೋ ಅಂದೆ. ಅಣ್ಣನ ಮಗ ಜಡೆ ಹಾಕುತ್ತಿದ್ದನಂತೆ ಎಂಬ ಭಾಗವನ್ನು ನಾನು ಅವನಿಗೆ ಓದಿ ಹೇಳಲೇ ಇಲ್ಲ. ನಾನು ಮಾಡಿದ ದೊಡ್ಡ ತಪ್ಪು ಅದು.

ಮೂರು ದಿನ ಸಿಟ್ಟು ಇಳಿಯಲಿಲ್ಲ. ನಾಲ್ಕನೆಯ ದಿನ, ಹೊಡೆದದ್ದು ಹೌದೋ ಅಲ್ಲವೋ ಅವನ ಕೇರಿಯವರನ್ನೇ ಕೇಳಿಬಿಡುತ್ತೇನೆ ಎಂದು ಯಾರಿಗೂ ಹೇಳದೆ ಉಮ್ಮತ್ತೂರಿನ ಬಸ್ಸು ಹತ್ತಿದೆ. ಅವನ ಮನೆಗೆ ಹೋಗಲಿಲ್ಲ. ನೇರ ಅಂಗನವಾಡಿಗೆ ಹೋದೆ. ಟೀಚರು ಮಕ್ಕಳಿಗೆ ಉಪ್ಪಿಟ್ಟು ಹಾಕುತ್ತಿದ್ದರು. ನಾನು ಯಾರು, ಯಾತಕ್ಕೆ ಬಂದೆ ಎಂದು ಹೇಳಿದೆ.

“ಒಡಿಯೋದಾ? ಅವ್ನಾ? ಅಯ್ಯೋ ನಿಮ್ ಬಾಯಿಗೆ!” ಅಂದರು ಆಕೆ. “ಆ ಮಗಿ ಇಲ್ಲಿಗೆ ಬತ್ತಿತ್ತಲ್ಲ, ಮದ್ಯಾನ ಆಯ್ತು ಅಂದ್ರೆ ಬಾಗ್ಲಲ್ಲೇ ನಿಂತ್ಕಬುಡೋಳು. ಅಣ್ಣ ಬಂದ, ಅಣ್ಣ ಬಂದ ಅಂತ ಒಂದೇ ಓಟ. ತಟ್ಟೇನೂ ಬುಟ್ಟು ಓಡ್ಬುಡೋಳು.”

ನಾನು ಇನ್ನೂ ಎಚ್ಚೆತ್ತಿರಲಿಲ್ಲ. “ಅದೇ, ಆ ಅಣ್ಣನ ವಿಷಯ ನನಗೂ ಗೊತ್ತು. ದೊಡ್ಡಪ್ಪನ ಮಗ ತಾನೇ?” ಅಂದೆ.

ಆಕೆ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದರು. “ದೊಡ್ಡಪ್ಪನ ಮಗ ನಾಕ್ ವರ್ಷದಿಂದ ನಂಜನಗೂಡಲ್ಲಿ ಆಸ್ಟ್ಲಲ್ಲವ್ನೆ. ಅವನ್ಯಾಕೆ ಬಂದಾನು? ಅಣ್ಣ ಅಂದ್ರೆ ಅವರಪ್ಪನೇ ಕಣವ್ವ! ಅವ್ನ ತಂಗೀರು ಅಣ್ಣ ಅಣ್ಣ ಅಂತಿದ್ರಲ್ಲ, ಮಗಿನೂ ಅಂಗೇ ಕಲ್ತ್ಕಬುಡ್ತು. ನಮ್ ಕಡೆ ಎಷ್ಟ್ ಮಕ್ಳು ಅಂಗೆ ಕರೆಯಲ್ಲ?”

ಅಲ್ಲೇ ಮಕ್ಕಳ ಮಣೆಯ ಮೇಲೆ ಕೂತುಬಿಟ್ಟೆ. ಎಂಥ ಪೆದ್ದಿ ನಾನು! ನಾನು ಹುಟ್ಟಿ ಬೆಳೆದದ್ದು ಇದೇ ಸೀಮೆಯಲ್ಲಿ. ನನ್ನ ಸೋದರಮಾವನ ಮಕ್ಕಳು ಇವತ್ತಿಗೂ ಅವರಪ್ಪನನ್ನು ಅಣ್ಣ ಅನ್ನುತ್ತಾರೆ, ಅವರವ್ವನನ್ನು ಅಕ್ಕ ಅನ್ನುತ್ತಾರೆ. ಒಟ್ಟು ಕುಟುಂಬದಲ್ಲಿ ಮನೆಯವರೆಲ್ಲ ಒಬ್ಬನನ್ನು ಏನಂತ ಕರೆಯುತ್ತಾರೋ ಕೂಸೂ ಹಾಗೇ ಕರೆಯುತ್ತದೆ. ಕಾಗದದಲ್ಲಿ ಇಂಗ್ಲಿಷಿನಲ್ಲಿ ‘ಹಿರಿಯ ಸಹೋದರ’ ಎಂದು ಕಂಡ ಕೂಡಲೇ ನನ್ನ ಊರಿನ ಮಾತು ನನಗೇ ಮರೆತುಹೋಗಿತ್ತು.

ಹಾಗಾದರೆ ಹೊಡೆಯುವ ಅಪ್ಪ ಯಾರು? ಬಸ್ಸಿನಲ್ಲಿ ವಾಪಸ್ ಬರುವಾಗ ಅದೂ ಹೊಳೆಯಿತು. ಮಗು ಈಗಿರುವುದು ಭೀಮನಬೀಡಿನಲ್ಲಿ. ಅಲ್ಲಿ ಅದರ ತಾಯಿ, ಚಿಕ್ಕಮ್ಮಂದಿರು ‘ಅಪ್ಪ’ ಎಂದು ಕರೆಯುವುದು ಅಜ್ಜನನ್ನು. ಬ್ಯಾಗಿನಿಂದ ನಕಲು ತೆಗೆದು ಮತ್ತೆ ಓದಿದೆ. ಸಹೋದರನ ಬಳಿ ಹೋಗುತ್ತೇನೆಂದರೆ ತಂದೆ ಹೊಡೆಯುತ್ತಾನೆ. ಹಾಗಾದರೆ ಮಗು ಹೇಳಿದ್ದರ ಅರ್ಥ, ತಂದೆಯ ಹತ್ತಿರ ಹೋಗುತ್ತೇನೆ ಅಂದರೆ ಅಜ್ಜ ಹೊಡೆಯುತ್ತಾರೆ ಎಂದು. ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಾಯ್ತವ್ವ ಅಂದಳು. ಏನಿಲ್ಲ, ಗೆಲ್ತೀನಿ ಅಂದೆ.

ಇದರಲ್ಲಿ ನ್ಯಾಯಾಧೀಶರನ್ನು ಮಾತ್ರ ದೂರುವ ಹಾಗಿಲ್ಲ. ಅವರ ಕಡೆ ಅಣ್ಣ ಅಂದರೆ ಅಣ್ಣನೇ. ಆದರೆ ಅವರಿಗೆ ಸಂಶಯವೂ ಯಾಕೆ ಬರಲಿಲ್ಲ? ಹದಿಹರೆಯದ ಹುಡುಗನೊಬ್ಬ ತಂಗಿಗೆ ದಿನಾ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದ ಎಂದು ಅವರು ನಂಬಿದರು. ಸ್ಟೆನೋ ನಂಬಿದರು, ಎದುರು ವಕೀಲರು ನಂಬಿದರು, ನಾನೂ ನಂಬಿದೆ. ಅದು ತಂದೆಯಿರಬಹುದು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗಂಡಸರು ಕೋರ್ಟಿನಲ್ಲಿ ತಮಗೆ ನ್ಯಾಯ ಸಿಗುವುದಿಲ್ಲ ಎಂದಾಗ ಅಲ್ಲಿಯವರೆಗೆ ನಾನು ನಗುತ್ತಿದ್ದೆ. ಆಮೇಲೆ ನಗುವುದನ್ನು ಬಿಟ್ಟೆ.

ಮೊದಲು ಕಕ್ಷಿದಾರನನ್ನು ಕರೆಸಿ ಕ್ಷಮೆ ಕೇಳಿದೆ. “ನಿನ್ನನ್ನ ಬೈದೆನಲ್ಲಪ್ಪ, ತಪ್ಪಾಯ್ತು,” ಅಂದರೆ ಅವನಿಗೆ ಅದು ಕಿವಿಗೇ ಬೀಳಲಿಲ್ಲ. “ಅಂಗಾರೆ ಅವ್ಳು ನಾನು ಒಡಿತೀನಿ ಅಂದಿಲ್ಲ? ಜಡೆ ಆಕ್ತಿದ್ದ ಅಂತ ಯೋಳವ್ಳಾ?” ಅಂತ ಕೇಳಿ ಕೇಳಿ ನಗುತ್ತಾನೆ, ಅಳುತ್ತಾನೆ. ನಾನು ಇಂಗ್ಲಿಷಿನ ಹಾಳೆಯನ್ನು ಸಾಲುಸಾಲಾಗಿ ಕನ್ನಡ ಮಾಡಿ ಎರಡು ಸಲ ಓದಿ ಹೇಳಿದೆ.

ಈಗ ಇದನ್ನು ಕೋರ್ಟಿಗೆ ತೋರಿಸುವುದು ಹೇಗೆ? ನನ್ನ ಹಳೆಯ ಸೀನಿಯರ್ ಹತ್ತಿರ ಹೋದೆ. ಅವರೆಂದರು: “ಅಂಗನವಾಡಿ ಟೀಚರನ್ನ ಸಾಕ್ಷಿ ಹಾಕಿಸು. ಅದೇ ಸುರಕ್ಷಿತ.” ಸುರಕ್ಷಿತವೇನೋ ಹೌದು. ಆದರೆ ಆಕೆ ಉಮ್ಮತ್ತೂರಿನವರು. ಹೇಳಿಕೊಟ್ಟ ಸಾಕ್ಷಿ ಎಂದು ಹಿರಿಯ ವಕೀಲರು ಎರಡೇ ನಿಮಿಷದಲ್ಲಿ ಊದಿಬಿಡುತ್ತಾರೆ. ನ್ಯಾಯಾಧೀಶರು ಸಂಶಯವೇ ಇಲ್ಲದೆ ನಂಬಬಹುದಾದ ಬಾಯಿ ಒಂದೇ ಇತ್ತು.

“ತಾಯಿಯನ್ನೇ ಮತ್ತೆ ಕರೆಸಿ ಕೇಳ್ತೀನಿ ಸಾರ್,” ಅಂದೆ.

“ತಲೆ ಸರಿ ಇದೆಯೇನಮ್ಮ ನಿಂಗೆ? ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನ ಪಾಟೀ ಸವಾಲಲ್ಲಿ ಕೇಳಬಾರದು ಅಂತ ಮೊದಲನೇ ದಿನ ಹೇಳಿಕೊಟ್ಟಿದ್ದೆ. ಅವಳು ಅಣ್ಣ ಅಂದ್ರೆ ಭಾವನ ಮಗ ಅಂದುಬಿಟ್ಟರೆ? ಅಲ್ಲಿಗೆ ನಿನ್ನ ಕೇಸು ಮುಗೀತು. ಮೇಲಿನ ಕೋರ್ಟಿಗೆ ಹೋದರೂ ಉಪಯೋಗ ಇಲ್ಲ.”

ಅವರ ಮಾತು ನೂರಕ್ಕೆ ನೂರು ಸರಿ. ಕಕ್ಷಿದಾರನಿಗೂ ಹೇಳಿದೆ: ಅವಳು ಒಂದು ಸುಳ್ಳು ಹೇಳಿದರೆ ಮಗಳು ಕೈತಪ್ಪಿ ಹೋದ ಹಾಗೆ. “ಕೇಳಿ ಅಮ್ಮಾವ್ರೇ. ಸಿಟ್ಟಲ್ಲಿ ಎದ್ದೋದ್ಲು, ಅದು ನನ್ ತಪ್ಪು. ಸುಳ್ಳು ಯೋಳೋಳಲ್ಲ ಅವ್ಳು,” ಅಂದ. ಎರಡು ವರ್ಷದಿಂದ ಬೇರೆಯಾಗಿದ್ದು, ಈಗ ಎದುರು ಕಡೆಯಲ್ಲಿ ನಿಂತಿರುವ ಹೆಂಡತಿಯ ಬಗ್ಗೆ ಹೀಗೆ ಹೇಳಿದ ಕಕ್ಷಿದಾರನನ್ನು ನಾನು ಅದುವರೆಗೆ ನೋಡಿರಲಿಲ್ಲ. ತಾಯಿಯನ್ನೇ ಕರೆಸುವುದೆಂದು ತೀರ್ಮಾನ ಮಾಡಿದೆ.

ಅರ್ಜಿಯಲ್ಲಿ ವಿಷಯ ಬಿಚ್ಚಿ ಬರೆದರೆ ಅಜ್ಜ ಎಚ್ಚರಾಗುತ್ತಾರೆ. ಅದಕ್ಕೆ, ‘ಮಗುವಿನ ಹೇಳಿಕೆಯಲ್ಲಿ ಬಂದಿರುವ ಒಂದು ಸಂಬಂಧದ ಪದವನ್ನು ಸ್ಪಷ್ಟಪಡಿಸಿಕೊಳ್ಳಲು ತಾಯಿಯನ್ನು ಮರು ಪಾಟೀ ಸವಾಲಿಗೆ ಕರೆಸಬೇಕು’ ಎಂದಷ್ಟೇ ಬರೆದೆ. ಹಿರಿಯರು ಎದ್ದು, “ಪದದ ಅರ್ಥ ಬೇಕಿದ್ದರೆ ಮೇಡಮ್ಮನವರು ನಿಘಂಟು ನೋಡಿಕೊಳ್ಳಲಿ, ಕೋರ್ಟಿನ ಸಮಯ ಯಾಕೆ?” ಅಂದರು. ಮೂರು ವಾಯಿದೆ ಇದರಲ್ಲೇ ಹೋಯಿತು. ಒಂದು ಸಲ ಅವರಿಗೆ ಕೆಮ್ಮು, ಒಂದು ಸಲ ತಾಯಿಗೆ ರಜೆ ಸಿಗಲಿಲ್ಲ, ಒಂದು ಸಲ ವಕೀಲರೆಲ್ಲ ಮುಷ್ಕರ ಮಾಡಿ ಕೋರ್ಟಿಗೇ ಬರಲಿಲ್ಲ. ಕೊನೆಗೆ ನ್ಯಾಯಾಧೀಶರು ನನ್ನ ಮುಖ ನೋಡಿ ಏನನ್ನಿಸಿತೋ, “ಅರ್ಧ ಗಂಟೆ ಕೊಡುತ್ತೇನೆ. ಅಷ್ಟೇ,” ಎಂದು ಅರ್ಜಿ ಒಪ್ಪಿದರು.

ತಾಯಿ ಕಟಕಟೆ ಹತ್ತಿದಳು. ಅಜ್ಜ ಎದುರಿನ ಬೆಂಚಿನಲ್ಲೇ ಕೂತಿದ್ದರು. ಸೆರಗಿನ ಚುಂಗನ್ನು ಮುದ್ದೆ ಮಾಡಿ ಹಿಡಿದುಕೊಂಡು ಶುರುಮಾಡಿದೆ.

“ನಿಮ್ಮ ತಂದೆಯನ್ನ ಮನೆಯಲ್ಲಿ ಏನಂತ ಕರೀತೀರಿ?”

“ಅಪ್ಪ ಅಂತ.”

“ನಿಮ್ಮ ಮಗಳು ಅವರನ್ನ ಏನಂತ ಕರೀತಾಳೆ?”

“ಅವ್ಳೂ ಅಪ್ಪ ಅಂತ್ಲೇ. ನಾವ್ ಕರೆಯೋದ್ನ ಕೇಳಿ ಕಲ್ತವ್ಳೆ.”

ಹಿರಿಯರು ಫೈಲಿನಿಂದ ತಲೆ ಎತ್ತಿದರು. ಅವರಿಗೆ ಅರ್ಥವಾಗುವ ಮುಂಚೆ ನಾನು ಕೇಳಿಬಿಟ್ಟೆ: “ಉಮ್ಮತ್ತೂರಿನ ಮನೆಯಲ್ಲಿ ನಿಮ್ಮ ಮಗಳಿಗೆ ನೀರು ಹಾಕಿ, ಜಡೆ ಹಾಕುತ್ತಿದ್ದ ಅಣ್ಣ ಯಾರು?”

ಹಿರಿಯರು ತಕರಾರು ಎಂದು ಎದ್ದರು. ನ್ಯಾಯಾಧೀಶರು ಕೈ ಎತ್ತಿ ಅವರನ್ನು ಕೂರಿಸಿದರು. ಅಜ್ಜ ಒಮ್ಮೆ ಜೋರಾಗಿ ಕೆಮ್ಮಿದರು. ಅವಳು ಅವರ ಕಡೆ ನೋಡಿದಳು. ಆಮೇಲೆ ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

“ಅವ್ರೇ ಸ್ವಾಮಿ,” ಅಂದಳು.

“ಅವರೇ ಅಂದರೆ ಯಾರು? ಹೆಸರು ಹೇಳಬೇಕಮ್ಮ, ದಾಖಲೆಗೆ ಬೇಕು,” ಅಂದರು ನ್ಯಾಯಾಧೀಶರು.

ಗಂಡನ ಹೆಸರು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ನಮ್ಮ ಕಡೆ ಹೆಂಗಸರು ಹೇಳುವುದೂ ಇಲ್ಲ. ಅವಳು ಕಟಕಟೆಯಿಂದ ಕೈ ಚಾಚಿ ಅವನನ್ನು ತೋರಿಸಿದಳು. “ಅವ್ರು. ಮಗೀಗೆ ಅಪ್ಪ ಅನ್ನು ಅಂತ ನಾನೆಷ್ಟ್ ಯೋಳ್ಕೊಟ್ರೂ ಅಣ್ಣ ಅಂತ್ಲೇ ಅನ್ನೋಳು. ನೀರಾಕ್ತಿದ್ದದ್ದು, ಜಡೆ ಆಕ್ತಿದ್ದದ್ದು ಎಲ್ಲಾ ಅವ್ರೇ. ನಂಗಿಂತ ಚೆನ್ನಾಗ್ ಆಕ್ತಾರೆ ಸ್ವಾಮಿ.”

ಅಜ್ಜ ಎದ್ದು ಹೊರಗೆ ಹೋದರು. ನಾನು ಮುಂದೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನ್ಯಾಯಾಧೀಶರು ಕಡತ ತರಿಸಿ ತಮ್ಮದೇ ಟಿಪ್ಪಣಿಯನ್ನು ನಿಧಾನವಾಗಿ ಓದಿದರು, ಕನ್ನಡಕ ತೆಗೆದರು. “ಮಗು ಸರಿಯಾಗಿಯೇ ಹೇಳಿದೆ. ತಪ್ಪು ನನ್ನದು,” ಎಂದು ತುಂಬಿದ ಹಾಲಿನಲ್ಲಿ ಹೇಳಿದರು. ಅಂಥ ಮಾತನ್ನು ಆ ಪೀಠದಿಂದ ನಾನು ಮತ್ತೆಂದೂ ಕೇಳಿಲ್ಲ. ಅವತ್ತಿನಿಂದ ಅವರ ಮೇಲೆ ನನಗಿದ್ದ ಗೌರವ ಎರಡು ಪಟ್ಟಾಯಿತು.

ಮುಂದಿನ ವಾಯಿದೆಗೆ ಮಗುವನ್ನು ಇನ್ನೊಮ್ಮೆ ಕೋಣೆಗೆ ಕರೆಸಿದರು. ಈ ಸಲ ನಮ್ಮ ಸೀಮೆಯವರೇ ಆದ ಹೆಣ್ಣು ಗುಮಾಸ್ತೆಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ವಾದದ ದಿನ ನಾನು ಹೆಚ್ಚು ಮಾತಾಡಲಿಲ್ಲ. ಹೋದ ವರ್ಷ ನಾನೇ ಬರೆದ ಸಾಲನ್ನು ನಾನೇ ಓದಿ, “ಇದು ಆ ಕೇಸಿಗೆ ಸರಿ, ಎಲ್ಲ ಕೇಸಿಗೂ ಸರಿ ಎಂದು ಬರೆದದ್ದು ನನ್ನ ತಪ್ಪು” ಎಂದು ಹೇಳಿದೆ. ಹಿರಿಯರೇ ಮೇಜು ಕುಟ್ಟಿ, “ಸೈ ಮೇಡಂ,” ಅಂದರು.

ಆದೇಶ ನಮ್ಮ ಪರ ಬಂತು. ಮಗು ತಂದೆಯ ಬಳಿ, ಎರಡು ವಾರಕ್ಕೊಮ್ಮೆ ಶನಿವಾರ ಭಾನುವಾರ ತಾಯಿಯ ಬಳಿ, ಬೇಸಿಗೆ ರಜೆಯಲ್ಲಿ ಅರ್ಧ. ತಂದೆ ಗಂಡಸು ಎಂಬ ಒಂದೇ ಕಾರಣಕ್ಕೆ ಅವನನ್ನು ಅಸಮರ್ಥ ಎನ್ನಲಾಗದು ಎಂದು ನ್ಯಾಯಾಧೀಶರು ಬರೆದಿದ್ದರು. ಆ ಹಾಳೆಯನ್ನು ನಾನು ಬಾರ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರಿಗೂ ಕಾಫಿ ಹೇಳಿದೆ. “ಇನ್ಮೇಲೆ ಗಂಡಸರ ಲಾಯರೂ ನೀವೇನಾ?” ಎಂದು ಯಾರೋ ರೇಗಿಸಿದರು. ಹೌದು, ಮಗು ಸಾಕೋ ಗಂಡಸಾದರೆ ಕಳಿಸಿ ಅಂದೆ.

ಮಗುವನ್ನು ಒಪ್ಪಿಸಬೇಕಾದ ದಿನ ಕೋರ್ಟ್ ಆಫೀಸಿನ ಮುಂದೆ ಹತ್ತು ಗಂಟೆಗೇ ಇವನು ಬಂದು ನಿಂತಿದ್ದ. ಅಜ್ಜ ಬರಲಿಲ್ಲ. ಗುಂಡ್ಲುಪೇಟೆಯ ಬಸ್ಸಿಳಿದು ತಾಯಿಯೇ ಮಗುವನ್ನು ಕರೆತಂದಳು. ಕೈಯಲ್ಲಿ ಬಟ್ಟೆಯ ಚೀಲ. ಅದನ್ನು ಅವನಿಗೆ ಕೊಟ್ಟು, “ಸ್ಕೂಲ್ ಯೂನಿಫಾರಂ ಇದ್ರಲ್ಲದೆ. ಮೊನ್ನೆಯಿಂದ ಕೆಮ್ಮು, ಔಷ್ದಿ ಮೇಲ್ಗಡೆ ಇಟ್ಟಿವ್ನಿ,” ಅಂದಳು. ಅವನು, “ನೀನು ಮೈಸೂರಿಗೆ ಉಸಾರಾಗ್ ಓಗು. ಶನಿವಾರ ನಾನೇ ಬಸ್ ಸ್ಟಾಂಡ್ಗೆ ಕರ್ಕಬತ್ತೀನಿ,” ಅಂದ. ಎರಡು ವರ್ಷದಲ್ಲಿ ಅವರಿಬ್ಬರೂ ನೇರವಾಗಿ ಆಡಿದ ಮೊದಲ ಮಾತು ಅದಿರಬೇಕು.

ಮಗು ಮಾತ್ರ ತಾಯಿಯ ಸೀರೆ ಹಿಡಿದುಕೊಂಡು ದೂರದಲ್ಲೇ ನಿಂತಿತ್ತು. ಅವನನ್ನೇ ದಿಟ್ಟಿಸಿ ನೋಡುತ್ತಿತ್ತು. ಓಡಿ ಬರುತ್ತದೆ ಅಂದುಕೊಂಡಿದ್ದೆವು ನಾವೆಲ್ಲ. ಇವನು ಮೊಣಕಾಲೂರಿ ಕೂತು ಎರಡೂ ಕೈ ಚಾಚಿದ. ಮಗು ನಾಲ್ಕು ಹೆಜ್ಜೆ ಬಂದು, ಅವನ ಕೈಗೆ ಸಿಗದಷ್ಟು ದೂರದಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು ಗದರಿತು.

“ಇಷ್ಟ್ ದಿನ ಎಲ್ಲಿಗ್ ಓಗಿದ್ದೆ ನೀನು? ಯಾಕ್ ಬರ್ನಿಲ್ಲ?”

“ಎಲ್ಲೂ ಓಗಿರ್ನಿಲ್ಲ ಕಣಮ್ಮಿ,” ಅಂದ ಅವನು. “ಇಲ್ಲೇ ಇದ್ದೆ. ಈ ಬಾಗ್ಲಲ್ಲೇ ನಿಂತಿದ್ದೆ.”

ಮಗು ತಿರುಗಿ ಕೋರ್ಟಿನ ಬಾಗಿಲನ್ನು ಒಮ್ಮೆ ನೋಡಿತು. ಆಮೇಲೆ ಬಂದು ಅವನ ಕತ್ತು ಕಟ್ಟಿಕೊಂಡಿತು.